ವರಾತಿನ ಟ್ರಂಪೆಟ್, ಭಾನುವಾರದ ಸ್ಕಾ

ನಮ್ಮಪ್ಪ ಮಿರಜಿನ ಒಂದು ಬ್ಯಾಂಡ್ ಕಂಪನಿಯಲ್ಲಿ ಟ್ರಂಪೆಟ್ ಊದುತ್ತಾರೆ. ಮದುವೆಯ ಹಂಗಾಮಿನಲ್ಲಿ ಸಾಂಗ್ಲಿ, ಕವಲಾಪುರ, ಮ್ಹೈಸಾಳ ಎಲ್ಲಿ ವರಾತ, ಅಂದರೆ ಮದುವೆಯ ಮೆರವಣಿಗೆ, ಹೊರಟರೂ ಮದುಮಗನ ಕುದುರೆಯ ಮುಂದೆ ಅವರೇ. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ಮರಾಠಿ, ವರಾತಿನಲ್ಲಿ ಹಿಂದಿ ಸಿನಿಮಾ ಹಾಡು. ಒಂದಕ್ಕೊಂದು ತಾಗದಂತೆ ನೋಡಿಕೊಂಡೇ ಅವರ ಆಯುಷ್ಯ ಸವೆದಿದೆ. ದೇವರ ಮುಂದೆ ಒಮ್ಮೆ ಊದಬೇಕೆಂಬ ಆಸೆ ಅವರಿಗೆ ಬಹಳ ಇತ್ತು. ಕೇಳಿದಾಗಲೆಲ್ಲ ಚರ್ಚಿನವರಿಂದ ಬಂದ ಉತ್ತರ ಒಂದೇ: ಕುಡಿದು ಕುಣಿಯುವವರ ಮುಂದೆ ಊದುವ ವಾದ್ಯ ಇಲ್ಲಿ ಬೇಡ.

ನಾನು ಅದೇ ಚರ್ಚಿನ ತರುಣ ಸಂಘದಲ್ಲಿ ಗಿಟಾರ್ ನುಡಿಸುತ್ತೇನೆ. ನಮ್ಮ ಆರಾಧನೆಯ ಹೊಸ ಹಾಡುಗಳೆಲ್ಲ ಒಂದೇ ಅಚ್ಚಿನವು. ಮೆಲ್ಲಗೆ ಶುರು ಮಾಡು, ಕಣ್ಣು ಮುಚ್ಚು, ಕೈ ಎತ್ತು. ಬೇಸತ್ತು ಮೊಬೈಲಿನಲ್ಲಿ ಹುಡುಕುವಾಗ ಸಿಕ್ಕಿದ್ದು ಕ್ರಿಶ್ಚಿಯನ್ ಸ್ಕಾ. ಸ್ಕಾ ಎಂಬುದು ಜಮೈಕಾದಲ್ಲಿ ಹುಟ್ಟಿದ ಕುಣಿತದ ಸಂಗೀತ. ತಾಳದ ಪೆಟ್ಟು ಬೀಳುವಾಗ ಗಿಟಾರ್ ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವೆ ‘ಚಕ್’ ಎನ್ನುತ್ತದೆ. ಮೇಲೆ ಟ್ರಂಪೆಟ್ಟು, ಟ್ರೊಂಬೋನು. ತೊಂಬತ್ತರ ದಶಕದಲ್ಲಿ ಅಮೆರಿಕದ ಕೆಲವು ಭಕ್ತ ಹುಡುಗರು ಅದಕ್ಕೆ ಯೇಸುವಿನ ಮಾತು ಜೋಡಿಸಿದರು. ನಯವಾದ ಭಕ್ತಿಗೀತೆ ಸಾಕಾಗಿ ಪಂಕ್, ರಾಕ್ ಎಂಬ ಅಬ್ಬರದ ಸಂಗೀತದ ಬೇರೆ ಓಣಿ ಹಿಡಿದ ಕ್ರೈಸ್ತ ಸಂಗೀತಗಾರರಿದ್ದರಲ್ಲ, ಅವರ ಓಣಿಯಲ್ಲೂ ಇದಕ್ಕೆ ಸಿಕ್ಕಿದ್ದು ಒಂದು ಮೂಲೆಮನೆ. ಚರ್ಚಿನ ಹಿರಿಯರಿಗೆ ಇದು ತೀರಾ ಲೌಕಿಕ, ಉಳಿದ ಸ್ಕಾದವರಿಗೆ ತೀರಾ ಚರ್ಚು. ಕೆಲವು ವರ್ಷ ಅಬ್ಬರಿಸಿ ತಣ್ಣಗಾಯಿತು.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ.

“ನನ್ನಂಗ ಐತಿ ಬಿಡು,” ಎಂದರು. “ಅಗಸರ ನಾಯಿ. ಹಳ್ಳಕ್ಕೂ ಇಲ್ಲ, ಮನಿಗೂ ಇಲ್ಲ.”

ಒಂದು ಹಾಡು ಹಚ್ಚಿದೆ. ಅರ್ಧ ಕೇಳುವಷ್ಟರಲ್ಲಿ ಪೆಟ್ಟಿಗೆಯಿಂದ ಟ್ರಂಪೆಟ್ ತೆಗೆದರು.

ನಾವೇ ಒಂದು ಮರಾಠಿ ಹಾಡು ಕಟ್ಟಿದೆವು. ತರುಣರೇ ಆರಾಧನೆ ನಡೆಸುವ ಭಾನುವಾರದಂದು ಅದನ್ನು ಅಪ್ಪನ ಟ್ರಂಪೆಟ್ ಸಮೇತ ಹಾಡಲು ಪಾಸ್ಟರ್ ಕೊನೆಗೂ ಒಪ್ಪಿದರು. ನಾನು ಅವರ ಬೆನ್ನು ಬಿದ್ದ ಪರಿಗೆ ಒಪ್ಪದೆ ಗತಿಯಿರಲಿಲ್ಲ. ಷರತ್ತು ಇಷ್ಟೇ: ಹಾಡು ಮುಗಿದ ಕೂಡಲೇ ನಿಶ್ಶಬ್ದ, ಆಮೇಲೆ ಪ್ರಾರ್ಥನೆ.

ಹಾಡು ಚೆನ್ನಾಗಿಯೇ ಆಯಿತು. ಗಿಟಾರ್ ನಿಲ್ಲಿಸಿದೆ, ಡ್ರಮ್ ನಿಂತಿತು. ಅಪ್ಪ ನಿಲ್ಲಿಸಲಿಲ್ಲ. ಮುಂದಿನ ಸಾಲಿನಲ್ಲಿ ನಿವೃತ್ತ ನರ್ಸ್ ಅಜ್ಜಿಯೊಬ್ಬರು ಕೋಲೂರಿ ಎದ್ದು ನಿಂತು, ಕಣ್ಣು ಮುಚ್ಚಿ ಭುಜ ಕುಣಿಸುತ್ತಿದ್ದರು. ಬ್ಯಾಂಡಿನವರಿಗೆ ಒಂದು ಧರ್ಮವಿದೆ. ಕುಣಿಯುವವರು ಒಬ್ಬರೇ ಉಳಿದರೂ ನಿಲ್ಲಿಸಬಾರದು. ನಿಲ್ಲಿಸಿದರೆ ಮದುವೆ ಮನೆಗೇ ಅವಮಾನ. ಅಪ್ಪ ನಿಲ್ಲಿಸದಿದ್ದುದಷ್ಟೇ ಅಲ್ಲ, ವರಾತಿನಲ್ಲಿ ಮಾಡುವಂತೆ ಅಜ್ಜಿಯ ಹತ್ತಿರ ನಡೆದುಹೋಗಿ, ಅವರ ಎದುರಿಗೇ ನಿಂತು ಊದತೊಡಗಿದರು. ಪ್ರಾರ್ಥನೆಗೆ ಎತ್ತಿದ ಪಾಸ್ಟರ ಕೈ ಎತ್ತಿದಂತೆಯೇ ಉಳಿಯಿತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅಜ್ಜಿ ದಣಿದು ಕೂತ ಮೇಲೆಯೇ ಅಪ್ಪ ಟ್ರಂಪೆಟ್ ಇಳಿಸಿದ್ದು.

“ಯಾಕ ನಿಲ್ಲಿಸಲಿಲ್ರಿ ಪಪ್ಪಾ?” ಎಂದು ಹೊರಗೆ ಬಂದು ಕೇಳಿದೆ.

“ಅವ್ರು ಕುಣ್ಯಾಕತ್ತಿದ್ರಲ್ಲ,” ಎಂದರು. ಅದಕ್ಕಿಂತ ಹೆಚ್ಚಿನ ಕಾರಣ ಬೇಕೇ ಎಂಬ ಮುಖ.

ಬೈಗುಳ ಕಾದಿದೆ ಅಂದುಕೊಂಡಿದ್ದೆ. ಆದದ್ದು ಬೇರೆ. ಆ ವಾರ ಪಾಸ್ಟರು ಮನೆಗೆ ಬಂದು, ಚಹಾ ಕುಡಿದು, ಟ್ರಂಪೆಟ್ ಜನಕ್ಕೆ ಹಿಡಿಸಿದೆ, ಪ್ರತಿ ಭಾನುವಾರ ಊದಿ ಎಂದರು. ಆದರೆ ದೇವರ ಮುಂದೆ ಊದುವವರು ವರಾತ ಬಿಡಬೇಕು. ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು, ಬೇರೆ ಕೆಲಸ ನೋಡಿಕೊಡುವುದಾಗಿಯೂ ಹೇಳಿದರು. ಒಳ್ಳೆಯ ಮನುಷ್ಯ. ಆ ಒಳ್ಳೆಯತನದ ಮೇಲೇ ನನಗೆ ಇವತ್ತಿಗೂ ಸಿಟ್ಟು.

ಅಪ್ಪ ಆಗುವುದಿಲ್ಲ ಎಂದರು. ಪಾಸ್ಟರು ಹೋದ ಮೇಲೆ ನನ್ನ ಕಡೆ ತಿರುಗಿದರು. “ಇಷ್ಟು ವರ್ಷ ನನ್ನ ಮುಂದ ಮಂದಿ ಖುಷಿಲೆ ಕುಣದಾರ. ಅದು ಪಾಪ ಅಂತ ನಾ ಹ್ಯಾಂಗ ಒಪ್ಪಲಿ?” ಎಂದು ಹೇಳಿ, ಸಂಜೆ ಮ್ಹೈಸಾಳದ ಮದುವೆಗೆ ಹೊರಟರು.

ನಾನೂ ಸಂಘ ಬಿಡುತ್ತೇನೆ ಎಂದಾಗ ಅವರೇ ಗದರಿಸಿದರು. ಹಾಗಾಗಿ ಆ ಹಾಡನ್ನು ಈಗಲೂ ತಿಂಗಳಿಗೊಮ್ಮೆ ಹಾಡುತ್ತೇವೆ. ಟ್ರಂಪೆಟ್ಟಿನ ಭಾಗವನ್ನು ಕೀಬೋರ್ಡಿನಲ್ಲಿ ನುಡಿಸಿ ಎಂದು ಹಿರಿಯರು ಸಲಹೆ ಕೊಟ್ಟರು. ಕೀಬೋರ್ಡಿನ ಟ್ರಂಪೆಟ್ ಯಾವ ಮದುವೆಗೂ ಹೋಗಿಲ್ಲವಲ್ಲ, ಮಡಿ. ನಾನು ಒಪ್ಪಲಿಲ್ಲ. ಆ ಜಾಗ ಬಂದಾಗ ಬರೀ ‘ಚಕ್ ಚಕ್’ ಗಿಟಾರು, ಮೇಲೆ ಏನೂ ಇಲ್ಲ.

“ಯಾಕ ಖಾಲಿ ಬಿಡ್ತಿ? ಕೇಳಾಕ ಚಂದ ಇಲ್ಲ,” ಎಂದರು ಅಪ್ಪ.

“ಇರಲಿ ಬಿಡ್ರಿ ಪಪ್ಪಾ. ಏನ್ ಕಡಿಮಿ ಐತಿ ಅಂತ ಅವ್ರಿಗೂ ಗೊತ್ತಾಗ್ಲಿ.”

ಕಳೆದ ಸಲ ಹಾಡು ಆ ಜಾಗಕ್ಕೆ ಬಂದಾಗ ನರ್ಸ್ ಅಜ್ಜಿ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದರು. ಅವರನ್ನು ನೋಡಿ ಇನ್ನೂ ಕೆಲವರು ತಿರುಗಿದರು. ಕೊನೆಯ ಬೆಂಚಿನಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಬಲಗೈಯ ಬೆರಳುಗಳು ಮೊಣಕಾಲ ಮೇಲೆ ಟ್ರಂಪೆಟ್ಟಿನ ಗುಂಡಿ ಒತ್ತುತ್ತ, ಒಂದು ಸ್ವರವೂ ತಪ್ಪದೆ ಊದುತ್ತಿದ್ದವು.