ನಮ್ಮ ಬಡಾವಣೆಯ ಒಂದು ಓಟು

ದೇಶದ ಹಾಲಿ ಅಧ್ಯಕ್ಷರ ಎದುರು ಅವರದೇ ಪಕ್ಷದ ಟಿಕೆಟ್ ಕೇಳುವ ಮನುಷ್ಯ ಹೇಗಿರುತ್ತಾನೆ ಎಂದು ನೋಡುವುದಕ್ಕೇ ನಾನು ಟೆಕ್ಸಾಸಿನ ರಿಚರ್ಡ್‌ಸನ್ ಊರಿನ ಲೈಬ್ರರಿಗೆ ಹೋದದ್ದು. ಜೊತೆಗೆ ಪಕ್ಕದ ಮನೆಯ ಧಾರವಾಡದ ಆಂಟಿ. ಎಪ್ಪತ್ತು ದಾಟಿದ ಮೇಲೆ ಇಲ್ಲಿಯ ಪ್ರಜೆಯಾದವರು, ಮೊದಲ ಓಟು ಯಾರಿಗೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದರು.

ಆತ ಹ್ಯೂಸ್ಟನ್ನಿನಿಂದ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದು, ಕೋಣೆಯ ತುಂಬ ಕುರ್ಚಿಗಳನ್ನು ತಾನೇ ಜೋಡಿಸಿದ. ಬಂದವರು ಐದು ಜನ. ನನಗೆ ನಗು. ಆದರೆ ಮೈದಾನ ತುಂಬ ಜನ ಕೂತಿದ್ದಾರೆ ಅನ್ನುವ ಹಾಗೆ ಆತ ಮಾತಾಡತೊಡಗಿದ ಮೇಲೆ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಸೋಲೂದು ಗೊತ್ತಿದ್ದೂ ಯಾಕ ನಿಂತಾನ, ಕೇಳವಾ" ಎಂದರು ಆಂಟಿ. ಇಂಗ್ಲಿಷಿನಲ್ಲಿ ಕೇಳಿದೆ.

"ತಪ್ಪನ್ನು ಮನೆಯವರೇ ಹೇಳಬೇಕು. ಬೇರೆ ಯಾರೂ ಮುಂದೆ ಬರಲಿಲ್ಲ, ನಾನು ಬಂದೆ" ಎಂದ.

ಮನೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಂಟಿ ನನ್ನ ಕೈ ಹಿಡಿದರು. "ಎಂಥಾ ಎದೆಗಾರಿಕಿ! ನಾವಿಬ್ಬರರೆ ಅವಗ ಹಾಕೋಣು." ಮಾತು ಕೊಟ್ಟೆ.

ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಓಟು ಇದು; ಟೆಕ್ಸಾಸಿನಲ್ಲಿ ಇದಕ್ಕೆ ಯಾವ ಪಕ್ಷದ ಬ್ಯಾಲೆಟ್ ಬೇಕೆಂದು ಮತಗಟ್ಟೆಯ ಮೇಜಿನವರಿಗೆ ಹೇಳಬೇಕು. ಇಳಕಲ್ ಸೀರೆಯ ಕೆಳಗೆ ಬಿಳಿ ಶೂ ತೊಟ್ಟ ಆಂಟಿ ಇಡೀ ಹಾಲಿಗೆ ಕೇಳುವಂತೆ ಹೇಳಿದರು. ನಾನು ಮೆಲ್ಲಗೆ ಹೇಳಿದೆ. ಮತಯಂತ್ರದ ಪರದೆಯ ಮುಂದೆ ನಿಂತಾಗ, ಸೋಲುವವನಿಗೆ ಹಾಕಿ ಓಟು ಯಾಕೆ ದಂಡ ಮಾಡಲಿ ಅನ್ನಿಸಿತು. ಗೆಲ್ಲುವವರ ಕಡೆಗಿದ್ದೇ ಅಭ್ಯಾಸವಾದ ಬೆರಳು ಅಧ್ಯಕ್ಷರ ಹೆಸರನ್ನೇ ಒತ್ತಿತು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಹೊರಬಂದೆ.

ಕೆಲವು ದಿನ ಕಳೆದು ಪ್ರತಿ ಬಡಾವಣೆಯ ಫಲಿತಾಂಶ ವೆಬ್‌ಸೈಟಿನಲ್ಲಿ ಬಂತು. ಕ್ಯಾರಲ್ಟನ್ ಊರಿನ ನಮ್ಮ ಬಡಾವಣೆಯಲ್ಲಿ ಆತನಿಗೆ ಒಂದೇ ಒಂದು ಓಟು. ಅಷ್ಟು ಮನೆಗಳ ನಡುವೆ ಒಂದು, ಆಂಟಿಯದು! ಮೈ ಜುಮ್ಮೆಂದಿತು. ಆಮೇಲೆ ನಾಚಿಕೆಯಾಯಿತು.

ಅಷ್ಟರಲ್ಲಿ ಬಂದ ಆಂಟಿ ಕನ್ನಡಕ ಸರಿಮಾಡಿಕೊಂಡು ನನ್ನ ಫೋನು ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರ ಮುಖ ಸಣ್ಣದಾಯಿತು.

"ನಿಂದು ಬಂದದ. ನಾನ ತಪ್ಪ ಒತ್ತೇನಿ ನೋಡವಾ. ಮೊದಲನೇ ಓಟ ಹಾಳಾತು."

ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನ ಕೈಲಾಗಲಿಲ್ಲ. "ಆ ಒಂದು ನಿಮ್ಮದೇ ಆಂಟಿ. ನಾನು ಹಾಕಲಿಲ್ಲ" ಎಂದೆ.

ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಫೋನನ್ನು ಇನ್ನಷ್ಟು ಹತ್ತಿರ ಹಿಡಿದು, ಆ ಒಂದರ ಮೇಲೆ ಬೆರಳಿಟ್ಟರು.

"ಹಂಗಾದ್ರ ನಂದು ಎಣಿಸ್ಯಾರ!" ಎಂದರು.