ಚೀಲದಲ್ಲೇ ಉಳಿದ ಮುಚ್ಚಳ

ಪ್ಲಂಬರ್ ಆಗಿದ್ದ ತಮ್ಮ, ಅಕ್ಕನ ಮನೆಯ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೆಸರು ಬಾಚುತ್ತಿದ್ದ. ನೆರೆ ಬರುತ್ತದೆಂದು ಅಕ್ಕ ಬಾಗಿಲಿಗೆ ಮರಳಿನ ಚೀಲ ಒಟ್ಟಿದ್ದಳು. ಹೊಸ್ತಿಲಿನಿಂದ ಒಂದು ಹನಿಯೂ ಬರಲಿಲ್ಲ. ಚರಂಡಿಯ ನೀರೇ ಬಚ್ಚಲ ಪೈಪಿನಿಂದ ಉಕ್ಕಿ, ಮಂಚದ ಕಾಲು ಮುಳುಗಿಸಿ, ದಾಖಲೆಗಳ ಟ್ರಂಕಿಗೂ ನುಗ್ಗಿತ್ತು.

ಅದನ್ನು ತಡೆಯಲೆಂದೇ ಅವನು ಹಿತ್ತಲ ಪೈಪಿನೊಳಗೆ ರಬ್ಬರ್ ಮುಚ್ಚಳ ಕೂರಿಸಿದ್ದ. ಮನೆಯ ನೀರು ಹೊರಗೆ ಹೋಗುವಾಗ ಅದು ತೆರೆದುಕೊಳ್ಳುತ್ತದೆ, ಹೊರಗಿನದು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಹೋದ ತಿಂಗಳು ತೊಳೆಯಲೆಂದು ಬಿಚ್ಚಿದಾಗ ಬೇರೆ ಕಡೆಯಿಂದ ಫೋನ್ ಬಂತು. ಪೈಪಿನ ಗುಂಡಿಗೆ ಚಪ್ಪಡಿ ಕಲ್ಲು ಮುಚ್ಚಿ ಹೊರಟುಬಿಟ್ಟ. ಇವತ್ತು ಸ್ಪ್ಯಾನರ್‌ಗೆಂದು ಚೀಲಕ್ಕೆ ಕೈ ಹಾಕಿದಾಗ ಅದೇ ಮುಚ್ಚಳ ಸಿಕ್ಕಿತು.

ಒದ್ದೆ ಕಾಗದಗಳನ್ನು ಬಿಡಿಸುತ್ತಿದ್ದ ಭಾವ ಗೊಣಗಿದ: "ಎದುರು ಮನೆ ಪೈಪಿಗೂ ಇವನೇ ರಬ್ಬರ್ ಹಾಕಿದ್ದು. ಅಲ್ಲಿ ನೆಲ ಕೂಡ ನೆಂದಿಲ್ಲ. ಅಕ್ಕನ ಮನೆ ಅಂದ್ರೆ ಸದರ."

"ನನ್ನ ತಮ್ಮನ ಕೆಲಸಕ್ಕೆ ಹೆಸರಿಡಬೇಡಿ," ಅಂದಳು ಅಕ್ಕ. "ಆ ರಭಸಕ್ಕೆ ಯಾವ ರಬ್ಬರ್ ತಡೆಯುತ್ತೆ? ಬಾರೋ, ಮೊದ್ಲು ಕಾಫಿ ಕುಡಿ."

ಅವಳು ಚಾಚಿದ ಲೋಟವನ್ನು ಅವನು ತೆಗೆದುಕೊಳ್ಳಲಿಲ್ಲ. ಅವಳ ಇನ್ನೊಂದು ಅಂಗೈಗೆ ಮುಚ್ಚಳ ಇಟ್ಟ.

"ಇದು ಪೈಪಲ್ಲಿರಬೇಕಿತ್ತು ಅಕ್ಕ. ನನ್ನ ಚೀಲದಲ್ಲಿತ್ತು."

ಅಕ್ಕ ಅದನ್ನು ತಿರುಗಿಸಿ ನೋಡಿದಳು, ಹೆಬ್ಬೆರಳಿನಿಂದ ಒರೆಸಿದಳು.

"ಮನೇಲಿ ಒಣಗಿರೋದು ಇದೊಂದೇ," ಅಂದಳು.

ಕಾಗದಗಳಿಂದ ತಲೆ ಎತ್ತಿ ಭಾವ ಏನದು ಎಂದು ಕೇಳಿದ. ಈ ಸಲ ಅವಳು ತಮ್ಮನ ಪರ ಮಾತಾಡಲಿಲ್ಲ.