ವೈನಿಯ ಸೆರಗಿನ ಗಂಟು

ಇವತ್ತು ಬೆಳಗ್ಗೆ ಶಹಾಪುರದಿಂದ ಸುರಪುರದ ಕಡೆ ಹೋಗುವ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಂಥ ಸೀಟು ಸಿಕ್ಕವರು ಹೊರಗೆ ನೋಡಬೇಕು. ನಾನು ಮೊಬೈಲ್ ನೋಡುತ್ತ ಕೂತೆ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಹತ್ತಿದ ಚಟ ಇದು. ಯುದ್ಧ, ಚುನಾವಣೆಯ ದೊಡ್ಡ ಸುದ್ದಿಗಳು ನನಗೆ ಬೇಡ. ನೆರೆಯ ದೇಶಗಳಿಂದ ಬರುವ ನಾಲ್ಕೈದು ಸಾಲಿನ ಸಣ್ಣ ಸುದ್ದಿಗಳನ್ನು ಹುಡುಕಿ ಹುಡುಕಿ ಓದುತ್ತೇನೆ. ನೇಪಾಳದ ಗುಡ್ಡದೂರಿನಲ್ಲಿ ಅಣಬೆ ತಿಂದು ಆಸ್ಪತ್ರೆ ಸೇರಿದವರು, ಶ್ರೀಲಂಕಾದಲ್ಲಿ ಕಾಡುಗೆಡ್ಡೆ ಬೇಯಿಸಿಕೊಂಡವರು, ಬರ್ಮಾದ ಬೇಳೆಗೆ ಯಾರೋ ಬಣ್ಣ ಹಾಕಿದ್ದಾರೆನ್ನುವ ಗುಮಾನಿ. ಆ ದೇಶಗಳ ರಾಜಧಾನಿಗಳ ಹೆಸರು ಕೇಳಿದರೆ ಒಮ್ಮೊಮ್ಮೆ ತಡವರಿಸುತ್ತೇನೆ. ಅಲ್ಲಿನ ಒಲೆಗಳ ಮೇಲೆ ಏನಿದೆ ಎಂದು ಕೇಳಿ, ಹೇಳುತ್ತೇನೆ.

ಇವತ್ತಿನ ಸುದ್ದಿ ಬಾಂಗ್ಲಾದೇಶದ ಒಂದು ಹಳ್ಳಿಯದು. ಮಧ್ಯಾಹ್ನ ಸೊಪ್ಪಿನ ಪಲ್ಯ ಉಂಡ ಮನೆಮಂದಿಯೆಲ್ಲ ಇದ್ದಕ್ಕಿದ್ದಂತೆ ಇಲ್ಲದವರ ಜೊತೆ ಮಾತಾಡತೊಡಗಿದರಂತೆ. ಎಲ್ಲರೂ ಬದುಕಿದ್ದಾರೆ. ಕೊನೆಯ ಸಾಲು ಹೀಗಿತ್ತು: ಅಡುಗೆ ಮಾಡಿದ ಸೊಸೆಯನ್ನು ವಿಚಾರಣೆಗೆ ಕರೆದೊಯ್ಯಲಾಗಿದೆ.

ಮೊಬೈಲನ್ನು ಚೀಲಕ್ಕೆ ಹಾಕಿದೆ. ಯಾಕೆಂದು ನಿಮಗೆ ಹೇಳುತ್ತೇನೆ. ಪೂರ್ತಿಯಾಗಿ ಇದುವರೆಗೆ ಯಾರಿಗೂ ಹೇಳಿಲ್ಲ.

ನಮ್ಮ ಕಡೆ ಕಾಲುವೆಗೆ ನೀರು ಬಂದ ಎರಡನೆಯ ವರ್ಷ ಅದು. ಅಲ್ಲಿಯವರೆಗೆ ದೇವಾಪುರದಲ್ಲಿ ಮಳೆಗಾಲ ಬಿಟ್ಟರೆ ಹರಿಯುವ ನೀರಿನ ಸದ್ದನ್ನೇ ಕೇಳದವರು ನಾವು. ಈಗ ಹಗಲೆಲ್ಲ ಆ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಉಣ್ಣುವ ತಾಟಿನಲ್ಲಿ ರೊಟ್ಟಿ ಒಂದಕ್ಕಿಳಿದು ಅನ್ನ ಗುಡ್ಡವಾಯಿತು. ಒಣಹೊಲದ ಬದುವಿನಲ್ಲಿ ತಾನಾಗಿ ಹುಟ್ಟುತ್ತಿದ್ದ ಹತ್ತರಕಿ, ಗೋಳಿಪಲ್ಯದಂಥ ಸೊಪ್ಪುಗಳು ಕಾಣೆಯಾದವು. ಅವುಗಳ ಬದಲು ಕಾಲುವೆಯ ದಂಡೆಯ ಮೇಲೆ ಹೆಸರು ಗೊತ್ತಿರದ ಹಸಿರು ಕೊಬ್ಬಿಕೊಂಡು ಬೆಳೆಯಿತು.

ನಮ್ಮ ದೊಡ್ಡವ್ವ ಶಾಂತವ್ವನಿಗೆ ಪಲ್ಯ, ಅಂದರೆ ಸೊಪ್ಪು, ಕೀಳುವುದರಲ್ಲಿ ಊರಿಗೆಲ್ಲ ಹೆಸರಿತ್ತು. ಮಾತಾಡುತ್ತ, ಬೇರೆ ಕಡೆ ನೋಡುತ್ತ, ಬೆರಳಿನಿಂದಲೇ ಎಲೆ ಗುರುತಿಸಿ ಉಡಿ ತುಂಬಿಕೊಳ್ಳುತ್ತಿದ್ದಳು. ಸೊಪ್ಪು ಸೋಸುವ ಕೆಲಸವನ್ನೂ ಬೇರೆಯವರಿಗೆ ಬಿಡುತ್ತಿರಲಿಲ್ಲ. ಅವಳ ಮಗ ಬಸಣ್ಣನಿಗೆ ಆ ವರ್ಷವೇ ಮದುವೆಯಾಗಿತ್ತು. ಹುಡುಗಿ ಗುರುಮಠಕಲ್ ಕಡೆಯವರು, ಹೆಸರು ಅಂಜಮ್ಮ. ಮನೆಮಾತು ತೆಲುಗು. ನನಗೆ ಅವರು ವೈನಿ, ಅಂದರೆ ಅತ್ತಿಗೆ. ಕನ್ನಡ ಮಾತಾಡುವ ಮುಂಚೆ ಒಂದು ಗಳಿಗೆ ತಡೆದು, ಶಬ್ದವನ್ನು ಬಾಯೊಳಗೇ ತಿರುಗಿಸಿ ನೋಡಿ ಹೊರಬಿಡುತ್ತಿದ್ದರು. ಆ ತಡೆಯುವಿಕೆಯನ್ನು ಊರಿನ ಹೆಂಗಸರು ಕಪಟ ಎಂದುಕೊಂಡರು.

ನನಗಾಗ ಹತ್ತೊಂಬತ್ತು. ಅಪ್ಪ ಯಾದಗಿರಿಯಲ್ಲಿ ಗುಮಾಸ್ತ. ನಾನು ಸುರಪುರದಲ್ಲಿ ಟೀಚರ್ ಟ್ರೇನಿಂಗ್ ಓದುತ್ತಿದ್ದೆ, ರಜೆ ಸಿಕ್ಕಾಗ ದೊಡ್ಡವ್ವನ ಮನೆ. ವಿಜ್ಞಾನದ ಪುಸ್ತಕ ಬಗಲಲ್ಲಿಟ್ಟುಕೊಂಡು ಓಣಿಯಲ್ಲಿ ತಿರುಗುವಷ್ಟು ಜಂಬ ನನಗಿತ್ತು. ದೆವ್ವವಿಲ್ಲ, ಮಾಟವಿಲ್ಲ ಎಂದು ಪಕ್ಕದ ಮನೆಯ ಮಾಬೂಬಿಗೆ ಭಾಷಣ ಬಿಗಿಯುತ್ತಿದ್ದೆ. ಆಕೆ ಆಡಿಗೆ ಸೊಪ್ಪು ಹಾಕುತ್ತ, "ಹೌದು ಬೇಟಿ, ಕಿತಾಬಿನಾಗ ಇಲ್ಲ ಅಂದ್ರ ಇಲ್ಲ ಬಿಡು" ಎನ್ನುತ್ತಿದ್ದಳು.

ಆ ದಿನ ದೊಡ್ಡವ್ವ ಕಾಲುವೆ ದಂಡೆಯಿಂದ ಪಲ್ಯ ತಂದಿದ್ದಳು. ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ವೈನಿ ಬೇಯಿಸಿದರು. ದೊಡ್ಡಪ್ಪ, ಬಸಣ್ಣ, ದೊಡ್ಡವ್ವ, ನಾನು ಕೂತು ಉಂಡೆವು. ಪಲ್ಯ ತುಸು ಕಹಿ ಎನಿಸಿತು. ಯಾರೂ ಹೇಳಲಿಲ್ಲ. ಹೊಸ ಸೊಸೆ ಎಂದಿನಂತೆ ಎಲ್ಲರದೂ ಆದ ಮೇಲೆ ಉಣ್ಣುವವರು.

ಮೊದಲು ಎದ್ದವನು ದೊಡ್ಡಪ್ಪ. "ಬಾಗಿಲ ಮುಚ್ಚರೋ, ಬಿಸಿಲು ಕಣ್ಣಿಗಿ ಚುಚ್ಚಾಕತ್ತದ" ಎಂದು ಕೂಗಿದ. ನೀರು ಕೊಟ್ಟರೆ ಗಂಟಲಲ್ಲಿ ಇಳಿಯಲಿಲ್ಲ. ಅವನ ಕಣ್ಣಿನ ಕಪ್ಪು ಅಗಲವಾಗಿ ಇಡೀ ಕಣ್ಣೇ ಕಪ್ಪಾದಂತಿತ್ತು. ಬಸಣ್ಣ ಗಾಳಿಯಲ್ಲಿ ಎರಡು ಬೆರಳು ಜೋಡಿಸಿ ಏನನ್ನೋ ಹಿಡಿದು ಎಳೆಯತೊಡಗಿದ. ಕಾಣದ ನೂಲು. ಎಳೆದೆಳೆದು ಮೊಣಕೈಗೆ ಸುತ್ತಿಕೊಂಡ, ಮುಗಿಯಲೇ ಇಲ್ಲ. ದೊಡ್ಡವ್ವ ಆರಿದ ಒಲೆಯ ಮುಂದೆ ಕೂತು ಬರಿನೆಲದ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಅಂಗೈಯ ಸದ್ದು ಮಾತ್ರ ನಿಜವಾದ ರೊಟ್ಟಿಯದೇ. ಬಡಿದು, ತಟ್ಟಿ, ಎತ್ತಿ, ಬಾಗಿಲ ಕಡೆ ತಿರುಗಿ, "ಬರ್ರಿ, ಒಳಗ ಬರ್ರಿ, ಎಷ್ಟ ಮಂದಿ ಬಂದೀರಿ, ಎಲ್ಲಾರೂ ಕೂಡ್ರಿ" ಎನ್ನುತ್ತಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಒಳಬರುವವರಿಗೆ ದಾರಿ ಬಿಡಲು ದೊಡ್ಡಪ್ಪ ಗೋಡೆಗೆ ಸರಿದು ನಿಂತ. ಇಬ್ಬರಿಗೂ ಅವರು ಕಂಡಿದ್ದರು. ಹೊರಗೆ ನಡುಮಧ್ಯಾಹ್ನ, ಅಂಗಳದ ಕಲ್ಲು ಕಾದು ಹೊಳೆಯುತ್ತಿತ್ತು.

ನನ್ನ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಗೋಡೆಯ ಕ್ಯಾಲೆಂಡರಿನ ಅಂಕಿಗಳು ಇರುವೆಗಳಂತೆ ಇಳಿದು ಬಂದವು. ಆಗ ನಾನು ವೈನಿಯನ್ನು ಕಂಡೆ, ಇನ್ನೂ ಯಾರೂ ಊಟಕ್ಕೆ ಕೂತಿಲ್ಲವೆಂಬಂತೆ. ಒಲೆಯ ಮುಂದೆ ನಿಂತು, ಹಿಂದೆ ಮುಂದೆ ನೋಡಿ, ಸೆರಗಿನ ತುದಿಯ ಗಂಟು ಬಿಚ್ಚಿ, ಅದರಲ್ಲಿದ್ದ ಬಿಳಿ ಪುಡಿಯನ್ನು ಪಲ್ಯದ ಗಡಿಗೆಗೆ ಕೊಡವಿದರು. ಎರಡು ಸಲ. ಕೈಬಳೆ ಗಡಿಗೆಯ ಅಂಚಿಗೆ ತಾಗಿ ಸದ್ದಾಯಿತು.

ನೀರಿಗೆ ಬಂದ ಮಾಬೂಬಿ ನಮ್ಮನ್ನು ನೋಡಿ ಕಿರುಚಿದಳು. ಯಾರದೋ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನಮ್ಮನ್ನು ಶಹಾಪುರದ ದವಾಖಾನೆಗೆ ತಂದರು. ವೈನಿ ಟ್ರೇಲರಿನ ಮೂಲೆಯಲ್ಲಿ ಕೂತು ಗಂಡನ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದರಂತೆ, ಅವನು ಗಾಳಿಯಿಂದ ನೂಲು ಎಳೆಯದಂತೆ.

ಸಂಜೆಯ ಹೊತ್ತಿಗೆ ನನಗೆ ತುಸು ತಿಳಿವು ಬಂತು. ಉಂಡದ್ದು ಕಡಿಮೆ ಇರಬೇಕು. ಮಂಚದ ಸುತ್ತ ಊರಿನ ಹಿರಿಯರಿದ್ದರು. ಒಬ್ಬರು, "ಅಡಗಿ ಯಾರು ಮಾಡ್ಯಾರ?" ಎಂದರು. ಇನ್ನೊಬ್ಬರು, "ಮನಿಮಂದಿ ಎಲ್ಲಾ ಬಿದ್ದಾರ, ಈಕಿ ಒಬ್ಬಾಕಿ ಹೆಂಗ ನೆಟ್ಟಗ ನಿಂತಾಳ?" ಎಂದರು.

"ನಾ ಉಂಡಿದ್ದಿಲ್ರಿ. ಆಮ್ಯಾಲ ಉಣ್ಣಾಕಿ ಇದ್ದೆ" ಎಂದರು ವೈನಿ, ಒಂದು ಗಳಿಗೆ ತಡೆದು.

ಆಗ ನಾನು ಬಾಯಿಬಿಟ್ಟೆ. "ವೈನಿ ಸೆರಗಿನಾಗಿಂದ ಪುಡಿ ಹಾಕ್ಯಾರ. ಪಲ್ಯದ ಗಡಿಗಿಗಿ. ನಾ ನೋಡೀನಿ."

ವೈನಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಅರ್ಥವಾಗದ ಶಬ್ದವೊಂದನ್ನು ಕೇಳಿದವರ ಮುಖ ಅದು. "ಓದಿದ ಹುಡುಗಿ. ಸುಳ್ಳು ಯಾಕ ಹೇಳ್ತದ?" ಎಂದರು ಹಿರಿಯರು. ನನ್ನ ಟ್ರೇನಿಂಗು, ಬಗಲಿನ ಪುಸ್ತಕ ಎಲ್ಲವೂ ಆ ಮಾತಿಗೆ ಸಾಕ್ಷಿಯಾದವು. ಮರುದಿನ ಬೆಳಗ್ಗೆ ವೈನಿಯನ್ನು ಯಾದಗಿರಿಯ ಬಸ್ಸು ಹತ್ತಿಸಿ, ಅಲ್ಲಿಂದ ತವರಿಗೆ ಹೋಗು ಎಂದರು. ಬಸಣ್ಣ ಇನ್ನೂ ಮಂಚದ ಮೇಲೆ ನೂಲು ಸುತ್ತುತ್ತಿದ್ದ.

ದವಾಖಾನೆಯ ಕಂಪೌಂಡರನ್ನು ಎಲ್ಲರೂ ಬಂಗಾಲಿ ಬಾಬು ಎನ್ನುತ್ತಿದ್ದರು. ಸಿಂಧನೂರಿನ ಹತ್ತಿರದ ನಿರಾಶ್ರಿತರ ಕ್ಯಾಂಪಿನಿಂದ ಬಂದವರು. ಅವರು ಹುಟ್ಟಿದ ಊರು ಆಗ ಒಂದು ದೇಶದಲ್ಲಿತ್ತು, ಆಮೇಲೆ ಇನ್ನೊಂದು ದೇಶದ್ದಾಯಿತು. ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಢಾಕಾದ ಸುದ್ದಿಗೆ ತಡಕಾಡುವುದು ಅವರ ಬಿಡುವಿನ ಕೆಲಸ. ಅವರು ನಮ್ಮ ಕಣ್ಣು ನೋಡಿದ ಕೂಡಲೇ, "ಏನು ಪಲ್ಯ ತಿಂದ್ರಿ?" ಎಂದಿದ್ದರು. ದೊಡ್ಡವ್ವನಿಗೆ ಮಾತು ಬಂದ ಮೇಲೆ ಮತ್ತೆ ಕೇಳಿದರು. "ರಾಜಗಿರಿ" ಎಂದಳು ಅವಳು. ಮತ್ತೂ ಕೇಳಿದರು. "ರಾಜಗಿರಿ" ಎಂದು ಗೋಡೆಯ ಕಡೆ ತಿರುಗಿದಳು.

ಮೂರನೆಯ ದಿನ ಮಾಬೂಬಿ ಬಟ್ಟೆಯ ಗಂಟು ಹಿಡಿದು ಬಂದಳು. ದೊಡ್ಡವ್ವ ಸೋಸಿ ತಿಪ್ಪೆಗೆ ಹಾಕಿದ್ದ ಕಡ್ಡಿ, ಎಲೆ. "ನನ್ನ ಆಡು ಇದರಾಗ ಒಂದಿಷ್ಟು ತಿಂತು, ಒಂದಿಷ್ಟು ಮೂಸಿ ಹಿಂದಕ್ಕ ಸರೀತು ಬಾಬು. ಯಾಕ ಅಂತ ತಂದೀನಿ." ಬಾಬು ಆಡು ಬಿಟ್ಟ ಎಲೆಗಳನ್ನು ಬೇರೆ ಮಾಡಿದರು. ಮದ್ದುಗುಣಿಕೆ, ತಿಂದವರ ತಲೆ ಕೆಡಿಸುವ ದತ್ತೂರಿ. "ಧುತುರಾ" ಎಂದರು ಅವರು.

ಹಿರಿಯರು ಒಪ್ಪಲಿಲ್ಲ. ಎಲೆಯಿಂದ ಇಷ್ಟೆಲ್ಲ ಆಗುತ್ತದೆಯೇ ಎಂದರು. ಬಾಬು ಎಲೆ ಅರೆದು, ಬಟ್ಟೆಯಲ್ಲಿ ಹಿಂಡಿ, ಒಂದು ಹನಿಯನ್ನು ತಮ್ಮ ಎಡಗಣ್ಣಿಗೆ ಬಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಒಂದು ಗಂಟೆಯ ಹೊತ್ತಿಗೆ ಮುಖ ಎತ್ತಿ, "ನೋಡ್ರಿ" ಎಂದರು. ಬಲಗಣ್ಣು ಎಂದಿನದು. ಎಡಗಣ್ಣಿನ ತುಂಬ ಕಪ್ಪು, ಆಳ ಕಾಣದ ಬಾವಿಯಂತೆ. ಒಂದೇ ಮುಖದಿಂದ ಇಬ್ಬರು ನಮ್ಮನ್ನು ನೋಡುತ್ತಿದ್ದರು. ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು.

"ಎಲಿ ಖರೇ ಇರಬೌದು. ಆಕಿನೇ ಹಾಕಿರಬೌದಲ್ಲ?" ಎಂದರು ಒಬ್ಬರು.

ಮಂಚದ ಮೇಲಿಂದ ದೊಡ್ಡವ್ವನ ದನಿ ಬಂತು. "ನಾ ಕಿತ್ತಿದ್ದು. ನನ್ನ ಉಡ್ಯಾಗ ತಂದಿದ್ದು. ಸೋಸಿದ್ದೂ ನಾನೇ. ಆಕಿ ಕೈಗಿ ಕೊಟ್ಟಿದ್ದಿಲ್ಲ, ನಿನಗೇನು ತಿಳೀತದ ಅಂದಿದ್ದೆ." ಅಷ್ಟು ಹೇಳಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಮೂರು ದಿನ ಯಾಕೆ ಸುಮ್ಮನಿದ್ದಳೆಂದು ಅವಳನ್ನು ನಾನು ಎಂದೂ ಕೇಳಲಿಲ್ಲ. ಸಾಯುವ ತನಕ ಅವಳು ಮತ್ತೆ ಪಲ್ಯ ಕೀಳಲಿಲ್ಲ, ಸಂತೆಯಲ್ಲಿ ಕೊಂಡ ಸೊಪ್ಪಿನ ಸಿವುಡನ್ನೂ ಸೊಸೆಯ ಮುಂದಿಟ್ಟು, "ನೋಡವ್ವ, ಚಲೋ ಅದ ಏನು?" ಎನ್ನುತ್ತಿದ್ದಳು.

ನಾನು ಮಾತ್ರ ಒಪ್ಪಲಿಲ್ಲ. ಬಾಬುವಿನ ಹಿಂದೆ ಹೋಗಿ ಹೇಳಿದೆ: "ಆದ್ರ ನಾ ನೋಡೀನ್ರಿ. ಬಳಿ ಸಪ್ಪಳ ಕೇಳೀನಿ. ಊಟಕ್ಕಿಂತ ಮೊದಲ."

ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತರು. ಹರಕುಮುರುಕು ಕನ್ನಡದಲ್ಲಿ ಹೇಳಿದರು: "ನಮ್ಮ ದೇಶದಾಗ ನದಿ ಬಹಳ. ಸ್ಟೀಮರಿನಾಗ ಹೋಗಾಕತ್ತಿದ್ವಿ. ಯಾರೋ ಒಬ್ಬ ಮಿಠಾಯಿ ಕೊಟ್ಟ. ಒಳಗ ಧುತುರಾ. ಕಳ್ಳರು ಮಾಡ್ತಾರ. ನಮ್ಮ ತಾಯಿ ನೋಡಿದ್ಳು, ಚಿಕ್ಕಮ್ಮ ಆಕಿ ಕೂಸನ್ನ ಎತ್ತಿ ನದಿಗಿ ಒಗದ್ಳು. ಖರೇ ನೋಡಿದ್ಳು. ನೀರಿನ ಸಪ್ಪಳ ಕೇಳಿದ್ಳು."

"ಕೂಸು?"

"ಆ ಕೂಸು ನಾನೇ. ತಾಯಿ ತೊಡಿ ಮ್ಯಾಲೇ ಇದ್ದೆ." ಕಣ್ಣಿನ ಮೇಲಿನ ಅಂಗೈ ತೆಗೆದು ಅಂದರು: "ಸಾಯೋ ಮಟ ನನ್ನ ಮಾರಿ ನೋಡ್ಕೋತನೇ ಚಿಕ್ಕಮ್ಮಗ ಬೈತಿದ್ಳು."

ಆ ವಾರವೇ ಬಸಣ್ಣನ ಜೊತೆ ಗುರುಮಠಕಲ್‌ಗೆ ಹೋದೆ. ವೈನಿಯ ತಾಯಿ ತೆಲುಗಿನಲ್ಲಿ ಬೈದರು. ಅರ್ಥವಾಗದಿದ್ದರೂ ಎಲ್ಲ ಅರ್ಥವಾಯಿತು. ಬಸಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ವೈನಿ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಕಾಲು ಮುಟ್ಟಿ, "ತಪ್ಪಾತ್ರಿ ವೈನಿ" ಎಂದೆ.

"ಒಂದು ಮಾತು ಹೇಳ್ರಿ. ಖರೇನೇ ನೋಡಿದ್ರೇನು?"

"ಇಲ್ರಿ" ಎಂದೆ.

ಅವರು ನಮ್ಮ ಜೊತೆ ಬಂದರು. ಮನೆ ನಡೆಸಿದರು, ಮಕ್ಕಳನ್ನು ಸಾಕಿದರು, ಕೊನೆಯ ವರ್ಷಗಳಲ್ಲಿ ದೊಡ್ಡವ್ವನಿಗೆ ಕೈತುತ್ತು ಹಾಕಿದರು. ನಾನು ಮೂವತ್ತೈದು ವರ್ಷ ಮಕ್ಕಳಿಗೆ ಕಣ್ಣಾರೆ ನೋಡಿದ್ದನ್ನಷ್ಟೇ ನಂಬಿ ಎಂದು ಪಾಠ ಮಾಡಿದೆ. ಹೇಳುವಾಗ ಪ್ರತಿಸಲ ದನಿ ತುಸು ತಗ್ಗುತ್ತಿತ್ತು, ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಗುರುಮಠಕಲ್‌ನಲ್ಲಿ ನಾನು ಆಡಿದ್ದು ಸುಳ್ಳು. ನಾನು ನೋಡಿದ್ದೆ. ಆ ದಿನದ ಉಳಿದದ್ದೆಲ್ಲ ಮಬ್ಬಾಗಿದೆ, ಟ್ರ್ಯಾಕ್ಟರು ಹತ್ತಿದ್ದು ನೆನಪೇ ಇಲ್ಲ. ಆದರೆ ಆ ಸೆರಗು, ಆ ಗಂಟು, ಎರಡು ಸಲ ಕೊಡವಿದ ಕೈ, ಬಳೆಯ ಸದ್ದು ನಿನ್ನೆಯದಕ್ಕಿಂತ ಸ್ಪಷ್ಟ. ಆಗಿಲ್ಲವೆಂದು ಗೊತ್ತು. ಅದು ಎಂದೂ ಆಗಿಲ್ಲ. ಆದರೂ ಅದು ನನ್ನೊಳಗೆ ನಡೆಯುತ್ತಲೇ ಇದೆ.

ಇವತ್ತು ದೇವಾಪುರದಲ್ಲಿ ಬಸ್ಸಿಳಿದು ಮನೆಗೆ ಹೋದಾಗ ಬಸಣ್ಣ ಗದ್ದೆಗೆ ಹೋಗಿದ್ದ. ವೈನಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರು ಕೂತರು. ಬಾಂಗ್ಲಾದೇಶದ ಆ ಸೊಸೆಯ ಸುದ್ದಿ ಹೇಳಿದೆ. ಅವರು, "ಪಾಪ, ಸಣ್ಣಾಕಿ ಇರಬೇಕು" ಎಂದರು. ನನಗೆ ತಡೆಯಲಾಗಲಿಲ್ಲ.

"ವೈನಿ, ಆವತ್ತು ನಿಮ್ಮೂರಾಗ ನಾ ಸುಳ್ಳು ಹೇಳಿದೆ. ನಾ ನೋಡಿದ್ದೆ. ಇನ್ನೂ ಕಾಣ್ತದರಿ. ಆಗಿದ್ದಿಲ್ಲ ಅಂತ ಗೊತ್ತದ, ಆದ್ರೂ ಹೋಗವಲ್ದು."

ವೈನಿ ನನ್ನ ತಾಟಿಗೆ ಇನ್ನೊಂದಿಷ್ಟು ಪಲ್ಯ ಹಾಕಿದರು. "ಗೊತ್ತದ" ಎಂದರು.

"ಯಾರು ಹೇಳಿದ್ರು?"

"ಯಾರ ಹೇಳ್ಬೇಕು? ನಾ ಮಾಡಿದ್ದು ಉಣ್ಣುವಾಗ ಮೊದಲನೇ ತುತ್ತಿಗಿ ನೀ ಕಣ್ಣು ಮುಚ್ಚತಿ. ಆ ವರ್ಷದಿಂದ. ಅತ್ತೀನೂ ನೋಡಿದ್ರು."

ನನಗೆ ಗೊತ್ತೇ ಇರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ.

"ಮತ್ತ ಒಂದಿನಾನೂ ಯಾಕ ಅನ್ಲಿಲ್ಲ ವೈನಿ?"

"ಏನಂತ ಅನ್ಲಿ? ಕಣ್ಣು ಮುಚ್ಚಿದ್ರೂ ಉಣ್ಣತಿ ಅಲಾ" ಎಂದರು. "ಉಣ್ಣು, ಆರ್ತದ."

ನಾನು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ಬಾಯಿಗಿಟ್ಟೆ. ಕಣ್ಣು ಮುಚ್ಚಿದೆನೋ ಇಲ್ಲವೋ ನನಗೆ ತಿಳಿಯಲಿಲ್ಲ. ವೈನಿ ನೋಡುತ್ತಿದ್ದರು. ನಾನು ಕೇಳಲಿಲ್ಲ.